ಮನೆಅಳಿಯನೆಂಬ ಅಣು

ಮತ್ತೆ ಒತ್ತಿಬಿಟ್ಟ.

ಮುಂದಿನ ಹಾಲಿನ ವ್ಯಾನು ಇನ್ನೂ ನೂರು ಅಡಿ ದೂರದಲ್ಲಿತ್ತು. ಆದರೂ ಅವನ ಬಲಗಾಲು ಯಾರನ್ನೂ ಕೇಳದೆ ತನ್ನ ಕಡೆಯ ಬ್ರೇಕಿನ ಮೇಲೆ ಹೋಗಿ ಕೂತಿತು. ಕಾರು ನಿಧಾನವಾಯಿತು. ಅವನ ಎದೆಯೂ ನಿಧಾನವಾಯಿತು. ಸ್ಟೀಯರಿಂಗ್ ಹಿಡಿದಿದ್ದ ಹೆಂಡತಿ ಗೇರು ಇಳಿಸುತ್ತ ಮುಸಿಮುಸಿ ನಕ್ಕಳು.

“ಏನು?”

“ಏನಿಲ್ಲ. ಒತ್ಕೊಳ್ಳಿ.”

ಅವಳದು ಡ್ರೈವಿಂಗ್ ಸ್ಕೂಲು. ಈ ಕಾರಿನಲ್ಲಿ ಸಾವಿರ ಜನಕ್ಕೆ ಕಲಿಸಿದ್ದಾಳೆ. ಕಲಿಸುವವರು ಕೂರುವ ಸೀಟಿನ ಮುಂದೆಯೂ ಒಂದು ಬ್ರೇಕು ಇರುತ್ತದಲ್ಲ, ಆ ಸೀಟಿನಲ್ಲಿ ಕೂತು ಅವನು ದಿನಾ ಕೆಲಸಕ್ಕೆ ಹೋಗುತ್ತಾನೆ. ಮೊನ್ನೆ ಮೊನ್ನೆ ಸ್ಕೂಲಿಗೆ ಹೊಸ ಕಾರು ಬಂದ ಮೇಲೆ ಇದು ಮನೆಯ ಓಡಾಟಕ್ಕೆ ಉಳಿದಿದೆ. ಅವನಿಗೆ ಕಾರು ಓಡಿಸಲು ಬರುವುದಿಲ್ಲ. ದೀಪದ ಬುಡದಲ್ಲೇ ಕತ್ತಲು ಎಂದು ಬೀದಿಯವರೆಲ್ಲ ನಕ್ಕು ಮುಗಿಸಿ ಹನ್ನೊಂದು ವರ್ಷವಾಯಿತು. ನಗಲಿ. ಇಷ್ಟು ವರ್ಷ ಎಲ್ಲಿಯೂ ಗುದ್ದದೆ ಓಡಾಡಿದ್ದು ತನ್ನ ಕಾಲಿನ ದೆಸೆಯಿಂದ ಎಂದು ಅವನು ಒಳಗೊಳಗೇ ನಂಬಿದ್ದ. ಯಾರಿಗೂ ಹೇಳಿರಲಿಲ್ಲ.

“ಸಂಜೆ ನಾನೂ ಅಮ್ಮನೂ ಬರ್ತೀವಿ,” ಎಂದಳು. “ನಿಮ್ಮ ಭಾಷಣ ಇದೆಯಂತಲ್ಲ.”

“ಭಾಷಣ ಏನಲ್ಲ. ಎರಡು ಮಾತು.”

“ಸದ್ಯ. ಮೂರನೇದಕ್ಕೆ ಹೋಗ್ಬೇಡಿ, ನಿಮಗೆ ಅಭ್ಯಾಸ ಇಲ್ಲ.”

ಸಂಸ್ಥೆಯ ಗೇಟಿನ ಮುಂದೆ ಅವನು ಮತ್ತೊಮ್ಮೆ ಒತ್ತಿದ. ಕಾರು ನಿಂತಿತು. ತೃಪ್ತಿಯಿಂದ ಇಳಿದ.

ಎರಡನೆಯ ಮಹಡಿಯಲ್ಲಿ ಆಗಲೇ ಬಲೂನು ಕಟ್ಟುತ್ತಿದ್ದರು. ಏಣಿಯ ಮೇಲೊಬ್ಬ, ಏಣಿ ಹಿಡಿದವರು ನಾಲ್ವರು, ಸಲಹೆ ಕೊಡುವವರು ಹನ್ನೊಂದು ಜನ. ಅವನು ಎಲ್ಲರಿಗೂ ಕೈಯೆತ್ತಿ, ಯಾರ ಜೊತೆಗೂ ನಿಲ್ಲದೆ, ತನ್ನ ಕೋಣೆಗೆ ಹೋದ.

ಇಷ್ಟು ಸಂಭ್ರಮ ಒಂದು ಅಣುವಿಗಾಗಿ.

ಜೀವಕೋಶದೊಳಗೆ ಮಾರುದ್ದದ ವಂಶವಾಹಿಯ ದಾರ ಪ್ರೋಟೀನಿನ ಪುಟ್ಟ ಪುಟ್ಟ ರೀಲುಗಳಿಗೆ ಸುತ್ತಿಕೊಂಡಿರುತ್ತದೆ. ರೀಲುಗಳ ಮೇಲೆ ಗುರುತುಗಳು: ಇಲ್ಲಿ ಓದು, ಇಲ್ಲಿ ಓದಬೇಡ. ಕಣ್ಣಿನ ಕೋಶ ಕಣ್ಣಾಗಿ, ಚರ್ಮದ ಕೋಶ ಚರ್ಮವಾಗಿ ಇರುವುದು ಈ ಗುರುತುಗಳ ಕೃಪೆ. ದಾರ ಎರಡರಲ್ಲೂ ಒಂದೇ. ಗುರುತು ಹಾಕುವ ಕಿಣ್ವಗಳಿವೆ, ಅಳಿಸುವ ಕಿಣ್ವಗಳಿವೆ. ಹಾಗೆ ಅಳಿಸುವ ಒಂದು ಕಿಣ್ವವನ್ನು ಲ್ಯಾಬಿನವರು ‘ರಬ್ಬರು’ ಎಂದು ಕರೆಯುತ್ತಿದ್ದರು. ಅದರ ಬಾಯಿಗೆ ಹೋಗಿ ಸಿಕ್ಕಿಕೊಂಡು ಅದನ್ನು ಸುಮ್ಮನಾಗಿಸುವ ಸಣ್ಣ ಅಣುವೊಂದನ್ನು ಇವರು ಕಟ್ಟಿದ್ದರು. ಅದು ‘ಸಾಹೇಬ’. ಸಾಹೇಬನನ್ನು ಹಾಕಿ ಆರು ದಿನ ಬಿಟ್ಟರೆ, ಅಂಕೆಯಿಲ್ಲದೆ ಬೆಳೆಯುತ್ತಿದ್ದ ಕೋಶಗಳು ಬೆಳೆಯುವುದನ್ನು ಬಿಟ್ಟು, ಕೈಕಾಲು ಚಾಚಿ, ಮರ್ಯಾದಸ್ಥರಾಗಿ ಕೂರುತ್ತಿದ್ದವು.

ಆದರೆ ಅದು ರಬ್ಬರು ಸುಮ್ಮನಾದದ್ದರಿಂದಲೇ ಆಯಿತೆಂದು ನಂಬುವುದು ಹೇಗೆ? ಅದಕ್ಕೊಂದು ಜೊತೆ ಬೇಕು. ಎಲ್ಲ ರೀತಿಯಲ್ಲೂ ಸಾಹೇಬನ ಹಾಗೆಯೇ ಇರುವ, ಆದರೆ ರಬ್ಬರನ್ನು ಹಿಡಿಯಲಾಗದ ಜೊತೆ. ತೂಕ ಒಂದೇ, ಬಣ್ಣ ಒಂದೇ. ಒಂದು ಮೂಲೆಯಲ್ಲಿ ಒಂದು ಕೈ ಆ ಕಡೆ ತಿರುಗುವ ಬದಲು ಈ ಕಡೆ ತಿರುಗಿದೆ, ಅಷ್ಟೆ. ಈ ಜೊತೆಯನ್ನು ಹಾಕಿದಾಗ ಕೋಶಗಳಿಗೆ ಏನೂ ಆಗದಿದ್ದರೆ ಸಾಹೇಬನ ಮಹಿಮೆ ನಿಜ. ಏನೂ ಆಗದಂತೆ ನೋಡಿಕೊಳ್ಳುವುದೇ ಇದರ ಉದ್ಯೋಗ. ನಿರ್ದೇಶಕಿ ಮೇಡಂ ಇದಕ್ಕೆ ‘ಮನೆಅಳಿಯ’ ಎಂದು ಹೆಸರಿಟ್ಟಿದ್ದರು.

ಹೆಸರಿಟ್ಟ ದಿನ ಇಡೀ ಲ್ಯಾಬು ಅವನ ಕಡೆ ತಿರುಗಿ ನೋಡಿತ್ತು. ಅವನಿರುವುದು ಅತ್ತೆಯ ಮನೆಯ ಮಹಡಿಯಲ್ಲಿ. ಅವನೂ ನಕ್ಕ. ಎಲ್ಲರಿಗಿಂತ ಒಂದು ತೂಕ ಜಾಸ್ತಿಯೇ ನಕ್ಕ. ಆಮೇಲೆ ನಾಲ್ಕು ವರ್ಷ, ಬೇರೆ ಯಾರಿಗೂ ಮುಟ್ಟಲು ಬಿಡದೆ, ಅಳಿಯನ ಪರೀಕ್ಷೆಯನ್ನೆಲ್ಲ ತಾನೇ ಮಾಡಿದ. ಪ್ರತಿ ಸಲವೂ ಏನೂ ಆಗಲಿಲ್ಲ. ‘ಏನೂ ಆಗಲಿಲ್ಲ’ ಎಂದು ಅಷ್ಟು ಅಚ್ಚುಕಟ್ಟಾಗಿ ಬರೆದಿಡುವವರು ಇನ್ನೊಬ್ಬರಿಲ್ಲ ಎಂದು ಮೇಡಂ ಹೊಗಳಿದ್ದರು.

ನಾಳೆ ಬೆಳಿಗ್ಗೆ ನೂರಾ ಹನ್ನೆರಡು ಲ್ಯಾಬುಗಳಿಗೆ ಡಬ್ಬಿ ಹೊರಡಲಿತ್ತು. ಒಂದೊಂದು ಡಬ್ಬಿಯಲ್ಲಿ ಒಬ್ಬ ಸಾಹೇಬ, ಒಬ್ಬ ಅಳಿಯ, ಬಳಸುವುದು ಹೇಗೆಂದು ಹೇಳುವ ಒಂದು ಚೀಟಿ. ಇಂದು ಸಂಜೆ ಅದರ ಬಿಡುಗಡೆ.

ಒಂಬತ್ತೂವರೆಗೆ, ಹೊರಗೆ ಯಾವುದೋ ಬಲೂನು ಒಡೆದು ಎಲ್ಲರೂ ಹೋ ಎಂದ ಹೊತ್ತಿಗೆ, ಅವನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಕೊನೆಯ ಸಲದ ಪರೀಕ್ಷೆ, ಸುಮ್ಮನೆ ಶಾಸ್ತ್ರಕ್ಕೆ. ತಟ್ಟೆಯ ಎಡಗಡೆ ಸಾಹೇಬನ ಸಾಲು. ಕೋಶಗಳು ಕೈಕಾಲು ಚಾಚಿದ್ದವು. ಬಲಗಡೆ ಅಳಿಯನ ಸಾಲು.

ಅಲ್ಲಿಯೂ ಚಾಚಿದ್ದವು.

ತಟ್ಟೆ ತಿರುಗುಮುರುಗಾಗಿದೆಯೇ ಎಂದು ನೋಡಿದ. ಇಲ್ಲ. ಕನ್ನಡಕ ಒರೆಸಿ ಹಾಕಿಕೊಂಡ. ಅಳಿಯನ ಕೋಶಗಳು ಇನ್ನೂ ಚೆನ್ನಾಗಿ ಕಂಡವು. ನಿನ್ನೆ ಇದೇ ಸಾಲಿನ ಕೋಶಗಳಿಂದ ಗುರುತುಗಳ ಲೆಕ್ಕ ತೆಗೆದಿದ್ದ. ಆ ಕಾಗದ ಮೇಜಿನ ಮೇಲಿತ್ತು. ಗುರುತುಗಳು ಎಂದಿನಂತೆ ಅಳಿಸಿಹೋಗುತ್ತಿದ್ದವು. ಅಂದರೆ ರಬ್ಬರು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಲೇ ಇತ್ತು, ಕೋಶಗಳು ತಮ್ಮ ಪಾಡಿಗೆ ತಾವು ಮರ್ಯಾದಸ್ಥರಾಗಿದ್ದವು. ಇದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಗುರುವಾರ ಏನು ಮಾಡಿದೆ? ನೆನಪಿಸಿಕೊಂಡ.

ಫ್ರೀಜರಿನಿಂದ ಅಳಿಯನ ಕಂದು ಬಣ್ಣದ ಸೀಸೆ ತೆಗೆದಿದ್ದ. ಅಷ್ಟರಲ್ಲಿ ಹೆಂಡತಿಯ ಫೋನು. ಕೈ ಖಾಲಿಯಿಲ್ಲದ್ದಕ್ಕೆ ಸೀಸೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಅವಳು ಕಾರಿನ ರಿಪೇರಿಯದು ಏನೋ ಹೇಳುತ್ತಿದ್ದಳು, ಮೆಕ್ಯಾನಿಕ್ಕು, ಹೊಸ ಕಾರು, ಹಳೆ ಕಾರು. ಅವನು ಇಪ್ಪತ್ತು ನಿಮಿಷ ಹೂಂ ಹೂಂ ಎನ್ನುತ್ತ ಕಾರಿಡಾರಿನಲ್ಲಿ ಓಡಾಡಿದ್ದ. ಸೀಸೆ ಅವನ ಎದೆಗೆ ಒರಗಿ ಬೆಚ್ಚಗಾಗಿತ್ತು.

ಎದ್ದು ಫ್ರೀಜರಿನಿಂದ ಇನ್ನೊಂದು ಸೀಸೆ ತಂದ. ಕಂದು ಗಾಜು, ಒಳಗೇನಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಬೆಳಕು ತಾಗಬಾರದೆಂದು ನಾಲ್ಕು ವರ್ಷದ ಹಿಂದೆ ಈ ಗಾಜನ್ನು ಆರಿಸಿದ್ದೂ ಅವನೇ. ಕರಗಿದ ಮೇಲೆ ಮೆಲ್ಲನೆ ಬಿಳಿ ಗಾಜಿನ ಕೊಳವೆಗೆ ಬಗ್ಗಿಸಿದ. ಮೊದಲು ತಿಳಿಯಾದ ದ್ರವ ಬಂತು. ಕೊನೆಗೆ, ಸುಣ್ಣದ ನೀರಿನ ತಳದಲ್ಲಿ ಕೂತಿರುತ್ತದಲ್ಲ, ಹಾಗೆ ಬೆಳ್ಳಗೆ ಏನೋ ಜಾರಿ ಬಂತು.

ಕೊಳವೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಕೂತ. ಸ್ವಲ್ಪ ಹೊತ್ತಿಗೆ ಬಿಳಿಯದೆಲ್ಲ ಕರಗಿತು.

ಅಯ್ಯೋ ದೇವರೇ. ಅಳಿಯ ಕೆಲಸಗಳ್ಳನಾಗಿರಲಿಲ್ಲ. ನಾಲ್ಕು ವರ್ಷ ಅವನನ್ನು ಯಾರೂ ಎಬ್ಬಿಸಿರಲಿಲ್ಲ. ಪ್ರತಿ ಸಲ ಮೇಲಿನ ತಿಳಿಯನ್ನಷ್ಟೇ ಎತ್ತಿ ಕೋಶಗಳಿಗೆ ಹಾಕಿದ್ದು. ಆ ತಿಳಿಯಲ್ಲಿ ಅಳಿಯನೇ ಇರಲಿಲ್ಲ. ತಳದ ಕಸ ಬರಬಾರದೆಂದು ಅದನ್ನೇ ನಿಯಮ ಮಾಡಿ ಚೀಟಿಯ ಐದನೆಯ ಸಾಲಿನಲ್ಲಿ ಬರೆದವನೂ ಅವನೇ: ‘ಮೇಲಿನ ತಿಳಿಯನ್ನು ಮಾತ್ರ ಬಳಸಿ. ಬಿಸಿ ಮಾಡಬೇಡಿ.’ ನೂರಾ ಹನ್ನೆರಡು ಲ್ಯಾಬಿನವರು ಇದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. ಅವರ ಅಳಿಯಂದಿರೂ ಮಲಗಿಯೇ ಇರುತ್ತಾರೆ. ಸಾಹೇಬನನ್ನು ನಂಬಿ ಅವರೆಲ್ಲ ತಮ್ಮ ಐದಾರು ವರ್ಷ ಸುರಿಯುತ್ತಾರೆ. ಯಾರಿಗೂ ಎಂದಿಗೂ ಗೊತ್ತಾಗುವುದಿಲ್ಲ.

ಭಯಕ್ಕಿಂತ ಮೊದಲು ಅವನಿಗೆ ಬಂದದ್ದು ಖುಷಿ. ಭೇಷ್ ಅಳಿಯ, ಎಂದ, ಗಟ್ಟಿಯಾಗಿಯೇ. ಭಯ ಆಮೇಲೆ ಬಂತು.

ಮೇಡಂ ಸಭಾಂಗಣದಲ್ಲಿ ಮೈಕು ಪರೀಕ್ಷೆ ಮಾಡುತ್ತಿದ್ದರು. ದೊಡ್ಡ ನಗುವಿನ, ದೊಡ್ಡ ಕೈಚೀಲದ ಹೆಂಗಸು. ಅವರು ನಗುತ್ತಿದ್ದಾಗ ಬೈದರೋ ಹೊಗಳಿದರೋ ಎಂದು ಮನೆಗೆ ಹೋದ ಮೇಲೆ ಯೋಚಿಸಬೇಕಾಗುತ್ತಿತ್ತು.

“ಹಲೋ, ಹಲೋ. ಬನ್ನಿ, ಬನ್ನಿ. ಹಿಂದಿನ ಸಾಲಿಗೆ ಕೇಳಿಸತ್ತಾ?”

“ಕೇಳಿಸತ್ತೆ ಮೇಡಂ. ಅಳಿಯ ಕೆಲಸ ಮಾಡ್ತಿದಾನೆ.”

“ಯಾರ ಅಳಿಯ?”

“ನಮ್ಮ ಅಳಿಯ.”

ಅವರ ಬೆರಳು ಮೈಕಿನ ಮೇಲೆ ನಿಂತಿತು. ಒಂದು ಕ್ಷಣ, ಹೆಚ್ಚಿಲ್ಲ. ಅವರಿಗೆ ಪೂರ್ತಿ ಅರ್ಥವಾಯಿತು ಎಂದು ಅವನಿಗೆ ಅರ್ಥವಾಯಿತು.

“ಎಷ್ಟು ಸಲ ನೋಡಿದ್ರಿ?”

“ಒಂದ್ಸಲ.”

“ಒಂದ್ಸಲ ಆದ್ರೆ ಸುದ್ದಿ, ಮೂರು ಸಲ ಆದ್ರೆ ಫಲಿತಾಂಶ. ಯಾರು ಹೇಳ್ಕೊಟ್ಟಿದ್ದು ನಮಗೆಲ್ಲ?”

“ನಾನೇ. ಆದ್ರೆ ಮೂರು ಸಲಕ್ಕೆ ಹದಿನೆಂಟು ದಿನ ಬೇಕು ಮೇಡಂ.”

“ಮಾಡಿ. ಬೇಡ ಅಂದೋರ್ಯಾರು?”

“ಡಬ್ಬಿ ನಾಳೆ ಹೋಗತ್ತೆ.”

“ಹೋಗ್ಲಿ ಬಿಡಿ, ಅದರ ಪಾಡಿಗೆ ಅದು.” ಅವರು ಮೈಕಿಗೆ ಉಫ್ ಎಂದು ಊದಿದರು. “ಚೀಟಿ ನೀವೇ ಬರೆದಿದ್ದಲ್ವಾ? ನಾನು ಒಂದಕ್ಷರ ಮುಟ್ಟಿಲ್ಲ. ಮುಟ್ಟೋದೂ ಇಲ್ಲ. ನಿಮ್ಮ ಮೇಲೆ ನಂಬಿಕೆ. ಆ ಶರ್ಟಲ್ಲೇ ಬಂದ್ರಾ? ಇನ್ನೊಂದು ಇರ್ಲಿಲ್ವಾ?”

ಅವನು ಶರ್ಟು ನೋಡಿಕೊಂಡ. ತಲೆಯೆತ್ತುವಷ್ಟರಲ್ಲಿ ಅವರು ಕೇಕಿನವರ ಜೊತೆ ಮಾತಿಗೆ ಹತ್ತಿದ್ದರು.

ಬಾಯಲ್ಲಿ ಬಿಸಿ ತುಪ್ಪ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಹೀಗೆ ಆದಾಗಲೆಲ್ಲ ಅವನು ಕಪಾಟು ಜೋಡಿಸುತ್ತಿದ್ದ. ಇಂದೂ ಜೋಡಿಸಿದ. ಎರಡು ಗಂಟೆಗೆ ಮುದ್ರಕನ ಫೋನು ಬಂತು.

“ಸಾರ್, ನಿಮ್ಮ ಚೀಟಿ ಮಷೀನಿಗೆ ಹಾಕ್ಲಾ?”

“ಎಷ್ಟು ಹೊತ್ತಿಗೆ ಹಾಕ್ತೀರಿ?”

“ಏಳಕ್ಕೆ. ಏನಾದ್ರೂ ತಿದ್ದೋದಿದ್ಯಾ?”

“ಇರಬಹುದು.”

“ಇದ್ಯಾ, ಇಲ್ವಾ ಸಾರ್?”

“ಇದ್ರೆ ಹೇಳ್ತೀನಿ.”

“ಏಳರೊಳಗೆ ಒಂದು ಮೆಸೇಜ್ ಹಾಕ್ಬಿಡಿ. ಬರ್ಲಿಲ್ಲ ಅಂದ್ರೆ ಇದ್ದದ್ದು ಇದ್ದ ಹಾಗೆ ಓಡಿಸ್ಬಿಡ್ತೀನಿ.” ಮುದ್ರಕ ಖುಷಿಯ ಮನುಷ್ಯ; ಹಿಂದೆ ರೇಡಿಯೋ ಹಾಡುತ್ತಿತ್ತು. ಅವನಿಗೆ ಆ ಮನುಷ್ಯನ ಮೇಲೆ ಹೊಟ್ಟೆಕಿಚ್ಚಾಯಿತು.

ಸಭೆ ತುಂಬಿತ್ತು. ಮೂರನೆಯ ಸಾಲಿನಲ್ಲಿ ಹೆಂಡತಿ, ಪಕ್ಕದಲ್ಲಿ ಅತ್ತೆ. ಅತ್ತೆ ಕಾರ್ಯಕ್ರಮ ಶುರುವಾಗುವ ಮೊದಲೇ ಎರಡು ಸಲ ಚಪ್ಪಾಳೆ ತಟ್ಟಿದ್ದರು. ಮೇಡಂ ಸಾಹೇಬನ ಕತೆ ಹೇಳಿದರು, ಅಳಿಯನ ಕತೆ ಹೇಳಿದರು, ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಅವನನ್ನು ಕರೆದರು.

ಮೈಕಿನ ಮುಂದೆ ನಿಂತ. ಬರೆದು ತಂದಿದ್ದ ಎರಡು ಮಾತಿನ ಕಾಗದ ಜೇಬಿನಲ್ಲಿತ್ತು. ತೆಗೆಯಲು ಕೈ ಹಾಕಿದರೆ ಬೆರಳಿಗೆ ಸಿಕ್ಕಿದ್ದು ಅಳಿಯನ ಸೀಸೆ. ಬೆಳಿಗ್ಗೆ ಯಾವಾಗಲೋ ಹಾಕಿಕೊಂಡಿದ್ದಿರಬೇಕು. ಅದನ್ನೇ ಮೇಲೆತ್ತಿ ಹಿಡಿದ.

“ಮನೆಅಳಿಯ ಕೆಲಸ ಮಾಡ್ತಾನೆ,” ಎಂದ.

ನಗು ಎದ್ದಿತು. ಮೊದಲು ಹಿಂದಿನ ಸಾಲಿನಿಂದ.

“ತಮಾಷೆಗೆ ಹೇಳ್ತಿಲ್ಲ. ನಾಲ್ಕು ವರ್ಷ ಅವನನ್ನ ಯಾರೂ ಎಬ್ಬಿಸಿರ್ಲಿಲ್ಲ. ತಳದಲ್ಲಿ ಮಲಗಿದ್ದ. ಹೋದ ಗುರುವಾರ ನಾನು ಹೆಂಡತಿ ಹತ್ರ ಫೋನಲ್ಲಿ ಮಾತಾಡ್ತಾ ಇಪ್ಪತ್ತು ನಿಮಿಷ ಜೇಬಲ್ಲಿ ಇಟ್ಕೊಂಡಿದ್ದೆ. ಬೆಚ್ಚಗಾಯ್ತು. ಎದ್ದುಬಿಟ್ಟ. ಸಾಹೇಬ ಮಾಡೋದನ್ನೆಲ್ಲ ಇವನೂ ಮಾಡ್ತಾನೆ.”

ಯಾರೋ ಸಿಳ್ಳೆ ಹಾಕಿದರು. ಹೆಂಡತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಲುಗುತ್ತಿದ್ದಳು. ಅತ್ತೆಯ ಕಣ್ಣಲ್ಲಿ ನೀರು ಬಂದಿತ್ತು.

“ಅಂದ್ರೆ,” ಎಂದ, ನಗು ಇಳಿಯಲೆಂದು ಕಾದು, “ನಾವು ಹೇಳಿದ್ದೆಲ್ಲ ತಪ್ಪು.”

ಸಭೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನಾಯಿತು. ಅಷ್ಟು ಹೊತ್ತು ಅವನು ಇದ್ದ. ಎಷ್ಟೋ ವರ್ಷದ ಮೇಲೆ ತಾನು ಒಂದು ಕಡೆ ನಿಂತಿದ್ದೇನೆ ಎಂದು ಅವನಿಗೆ ಅನ್ನಿಸಿತು. ಆಗ ಮೇಡಂ ಎದ್ದು ನಿಂತು ಚಪ್ಪಾಳೆ ಶುರುಮಾಡಿದರು. “ನೋಡಿ, ಇದಕ್ಕೆ ವಿನಯ ಅಂತಾರೆ! ವಿಜ್ಞಾನಿಗೆ ಇರಬೇಕಾದ್ದು ಇದೇ ಅನುಮಾನ!” ಇಡೀ ಸಭೆ ಎದ್ದು ನಿಂತಿತು. ಚಪ್ಪಾಳೆ ನಿಲ್ಲಲೇ ಇಲ್ಲ.

ಅವನಾದರೂ ಏನು ಮಾಡಿದ? ಇಲ್ಲ, ಕೇಳಿ ಎಂದು ಕೂಗಬಹುದಿತ್ತು. ಸೀಸೆಯನ್ನು ನೆಲಕ್ಕೆ ಕುಕ್ಕಬಹುದಿತ್ತು. ಅವನು ನಕ್ಕುಬಿಟ್ಟ. ನಲವತ್ತಾರು ವರ್ಷದಲ್ಲಿ ಅವನ ಮಾತಿಗೆ ಇಷ್ಟು ಜನ ನಕ್ಕಿರಲಿಲ್ಲ. ಖುಷಿ ಹೊಟ್ಟೆಯಿಂದ ಉಕ್ಕಿ ಬಂತು. “ಮಾವನ ಮನೆ ಊಟ ಚೆನ್ನಾಗಿದ್ರೆ ಯಾರು ಏಳ್ತಾರೆ ಹೇಳಿ,” ಎಂದು ಇನ್ನೊಂದು ಸೇರಿಸಿದ. ಅದಕ್ಕೂ ನಕ್ಕರು. ಕೆಳಗಿಳಿದು ಕೂತ ಮೇಲೆ ಅವನಿಗೆ ನಾಚಿಕೆಯಾಯಿತು, ಯಾರಿಗೂ ಕಾಣದಷ್ಟು ಒಳಗೆ, ಸುಡುವಷ್ಟು.

ಕೇಕು ಚೆನ್ನಾಗಿತ್ತು. ಎರಡು ತುಂಡು ತಿಂದ.

ಕಾರು ಹೊರಟಾಗ ಏಳಕ್ಕೆ ಹದಿನೈದು ನಿಮಿಷವಿತ್ತು. ಅತ್ತೆ ಹಿಂದಿನ ಸೀಟಿನಲ್ಲಿ, ಉಳಿದ ಕೇಕಿನ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

“ಎಷ್ಟು ಚೆನ್ನಾಗಿ ಮಾತಾಡಿದ್ರಿ! ದೊಡ್ಡ ಅಳಿಯನೂ ಹೀಗೆ ಮಾತಾಡಲ್ಲ. ನಕ್ಕೂ ನಕ್ಕೂ ಪಕ್ಕೆ ಹಿಡ್ಕೊಂಡಿದೆ ನಂಗೆ.”

“ನಾನು ಹೇಳಿದ್ದು ನಿಜ ಅತ್ತೆ.”

“ನಿಜ ಇದ್ರೇನೇ ಅಲ್ವಾ ನಗು ಬರೋದು.”

ಅವನು ಫೋನು ತೆಗೆದ. ಮುದ್ರಕನ ಹೆಸರು ಹುಡುಕಿ ಬರೆದ: ‘ಐದನೇ ಸಾಲು ಬದಲಾಯಿಸಿ. ಬಳಸುವ ಮೊದಲು ಬೆಚ್ಚಗೆ ಮಾಡಿ, ಚೆನ್ನಾಗಿ ಕಲಕಿ.’ ಅಷ್ಟೇ. ಇಷ್ಟು ಹೋದರೆ ಸಾಕು, ಮುಂದಿನದನ್ನು ನೂರಾ ಹನ್ನೆರಡು ಲ್ಯಾಬಿನವರು ತಾವೇ ಕಂಡುಕೊಳ್ಳುತ್ತಾರೆ. ಅವನ ನಾಲ್ಕು ವರ್ಷ, ಮೇಡಂ ಅವರ ಹೆಸರು, ಇಂದಿನ ಚಪ್ಪಾಳೆ, ಎಲ್ಲ ಮಣ್ಣುಗೂಡುತ್ತದೆ. ಹೆಬ್ಬೆರಳು ಕಳಿಸುವ ಗುಂಡಿಯ ಮೇಲೆ ನಿಂತಿತು.

ಅಡ್ಡರಸ್ತೆಯಿಂದ ಬಸ್ಸೊಂದು ಮೂತಿ ಚಾಚಿತು. ಅವನ ಕಾಲು ಒತ್ತಿತು. ಕಾರು ನಿಧಾನವಾಯಿತು.

ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. ಗಟ್ಟಿಯಾಗಿ ನಕ್ಕಳು.

“ಇನ್ನೂ ಒತ್ತುತ್ತಾನೇ ಇದೀರಲ್ರೀ!”

“ಮತ್ತೆ? ಬಸ್ಸು ಬಂತಲ್ಲ.”

“ಅದನ್ನ ನನ್ನ ಬ್ರೇಕಿಗೆ ಜೋಡಿಸೋ ರಾಡ್ ಎಲ್ಲಿದೆ? ರಾಡ್ ಬಿಚ್ಚಿ ಹೊಸ ಕಾರಿಗೆ ಹಾಕಿಸಿ ವಾರ ಆಯ್ತು. ಅಲ್ಲಿರೋದು ಬರೀ ಪೆಡಲ್ಲು. ಸ್ಪ್ರಿಂಗ್ ಇದೆಯಲ್ಲ, ಅದಕ್ಕೆ ನಿಮಗೆ ಗೊತ್ತಾಗ್ಲಿಲ್ಲ.”

“ನನಗೆ ಯಾರೂ ಹೇಳ್ಲಿಲ್ಲ.”

“ಹೇಳಿದ್ನಲ್ಲ, ಗುರುವಾರ, ಫೋನಲ್ಲಿ! ಇಪ್ಪತ್ತು ನಿಮಿಷ ಹೇಳ್ದೆ. ಹೂಂ ಹೂಂ ಅಂದ್ರಿ.”

ಅವನು ಕಾಲು ತೆಗೆಯಲಿಲ್ಲ.

“ಮತ್ತೆ ವಾರದಿಂದ ಕಾರು ನಿಂತಿದ್ದು?”

“ನಾನಿದೀನಲ್ಲ.”

“ಅದಕ್ಕಿಂತ ಮುಂಚೆ? ರಾಡ್ ಇದ್ದಾಗ?”

ಹೆಂಡತಿ ಕನ್ನಡಿ ನೋಡಿದಳು, ಸಿಗ್ನಲ್ ಹಾಕಿದಳು, ಯೋಚಿಸಿ ಹೇಳಿದಳು. “ಆಗ್ಲೂ ಮೊದ್ಲು ಹಿಡೀತಿದ್ದಿದ್ದು ನಾನೇ. ನೀವು ಆಮೇಲೆ ಒತ್ತುತ್ತಿದ್ರಿ.”

“ಬಿಡೇ, ಪಾಪ,” ಎಂದರು ಅತ್ತೆ ಹಿಂದಿನಿಂದ, ಅಕ್ಕರೆಯಿಂದಲೇ. “ಒತ್ಕೊಳ್ಲಿ. ಅವರಿಗೂ ಒಂದು ಸಮಾಧಾನ ಬೇಡ್ವಾ?”

ತಾಯಿ ಮಗಳು ಇಬ್ಬರೂ ನಕ್ಕರು. ಒಳ್ಳೆಯ ನಗು, ಮನೆಯ ನಗು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವನೂ ನಕ್ಕ.

ಕಾರು ಸೇತುವೆ ಇಳಿಯತೊಡಗಿತು. ಕೆಳಗೆ, ದೂರದಲ್ಲಿ, ಕೆಂಪು ದೀಪ. ಫೋನಿನಲ್ಲಿ ಏಳಕ್ಕೆ ಮೂರು ನಿಮಿಷ ಎಂದಿತ್ತು. ಜೇಬಿನಲ್ಲಿ ಸೀಸೆ ಎದೆಗೆ ಒರಗಿ ಬೆಚ್ಚಗಾಗಿತ್ತು. ಹೆಬ್ಬೆರಳು ಗುಂಡಿಯ ಮೇಲಿತ್ತು, ಕಾಲು ಪೆಡಲಿನ ಮೇಲಿತ್ತು.

ಅವನು ಕಾಲನ್ನು ಒತ್ತಿದ. ಪೆಡಲು ನೆಲ ಮುಟ್ಟಿತು. ಇನ್ನೂ ಒತ್ತಿದ. ಕಾರು ಇಳಿಜಾರಿನಲ್ಲಿ ಹಿತವಾಗಿ ಇಳಿಯುತ್ತಲೇ ಇತ್ತು.